ನೆಲದಿಂದೇಳುವ ಗಾಳಿ

ಮಲೆಬೆನ್ನೂರಿನಲ್ಲಿ ಈಗ ಮನೆ ಕಟ್ಟಿಸುವವರು ಮೊದಲು ಎತ್ತುವುದು ಗ್ರಾನೈಟಿನ ಮಾತು. ನಯವಾದ ನೆಲ, ಆರ್.ಸಿ.ಸಿ. ಛಾವಣಿ, ಬಿಗಿಯಾಗಿ ಮುಚ್ಚುವ ಕಿಟಕಿ. ಭದ್ರಾ ನಾಲೆಯ ಬತ್ತದ ಗದ್ದೆಗಳ ನಡುವಣ ಊರಿಗೆ ಸೊಳ್ಳೆಯ ಅಂಜಿಕೆ ಸಹಜವೇ. ಆದರೆ ಹೊರಗಿನದನ್ನು ತಡೆಯುವ ಈ ಭದ್ರತೆ ಒಳಗಿನದನ್ನೂ ಹೊರಗೆ ಬಿಡದು. ಹಾಗೆ ಒಳಗುಳಿಯುವ ಒಂದು ಅನಿಲದ ಹೆಸರು ರೇಡಾನ್.

ಕಲ್ಲುಮಣ್ಣುಗಳಲ್ಲೆಲ್ಲ ಲವಲೇಶ ಯುರೇನಿಯಂ ಇದ್ದೇ ಇರುತ್ತದೆ. ಅದು ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಯಲಿನಲ್ಲಿ ಗಾಳಿಗೆ ಬೆರೆತು ಚೆದುರಿಹೋಗುತ್ತದೆ. ಮನೆಯ ತಳಪಾಯದ ಬಿರುಕುಗಳಿಂದ ನುಸುಳಿದರೆ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಹಾಸಿದ ಗ್ರಾನೈಟಿನಿಂದ ಬರುವುದು ಸಾಮಾನ್ಯವಾಗಿ ಅಲ್ಪ. ಅಡಿಯ ಮಣ್ಣಿನದೇ ದೊಡ್ಡ ಪಾಲು. ಮೈಸೂರು, ಬೆಂಗಳೂರುಗಳ ಮನೆಗಳಲ್ಲಿ ಭೌತವಿಜ್ಞಾನಿಗಳು ಅಳೆದು ನೋಡಿದ್ದಾರೆ. ಗಾಳಿಯಾಡದ ಮನೆಗಳಲ್ಲಿ ಪ್ರಮಾಣ ಹೆಚ್ಚು. ಬಾಗಿಲು ಮುಚ್ಚಿಕೊಳ್ಳುವ ಚಳಿಗಾಲದಲ್ಲಿ ಇನ್ನೂ ಹೆಚ್ಚು.

ರೇಡಾನಿನ ಆಯುಸ್ಸು ಚಿಕ್ಕದು. ಇದ್ದುದರಲ್ಲಿ ಅರ್ಧ 3.8 ದಿನಗಳಲ್ಲಿ ಅಳಿಯುತ್ತದೆ. ಅಪಾಯವಿರುವುದು ಅದರ ಸಂತತಿಯಲ್ಲಿ. ಒಡೆದಾಗ ಹುಟ್ಟುವ ಪೊಲೋನಿಯಂ ಮೊದಲಾದ ಕಣಗಳು ಧೂಳಿಗಂಟಿ ಉಸಿರಿನೊಡನೆ ಶ್ವಾಸಕೋಶವನ್ನು ಸೇರಿ, ಅಲ್ಲಿ ಆಲ್ಫಾ ಕಿರಣಗಳನ್ನು ಸೂಸಿ ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಜರ್ಮನಿಯ ಶ್ನೇಬೆರ್ಗಿನ ಗಣಿಗಾರರನ್ನು ಶತಮಾನಗಳ ಕಾಲ ಕೊಂದ ‘ಬೆಟ್ಟದ ಕಾಯಿಲೆ’ ಶ್ವಾಸಕೋಶದ ಗಡ್ಡೆಯೆಂದು 1879ರಲ್ಲಿ ವೈದ್ಯರು ಗುರುತಿಸಿದರು. ಆಗಿನ್ನೂ ರೇಡಾನ್ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆ ನಿರ್ಣಯಿಸಿದ್ದು 1988ರಲ್ಲಿ.

ಗಣಿಯ ಮಾತು ಮನೆಗೆ ಬಂದ ಕಥೆ ಸ್ವಾರಸ್ಯವಾಗಿದೆ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರು ಪರಮಾಣು ವಿದ್ಯುತ್ ಸ್ಥಾವರವೊಂದರಲ್ಲಿ ಕೆಲಸಮಾಡುತ್ತಿದ್ದರು. ವಿಕಿರಣವನ್ನು ಪತ್ತೆಹಚ್ಚುವ ಯಂತ್ರ ಅವರನ್ನು ಕಂಡೊಡನೆ ಗಂಟೆ ಬಾರಿಸಿತು. ಸ್ಥಾವರ ಇನ್ನೂ ಕೆಲಸವನ್ನೇ ಆರಂಭಿಸಿರಲಿಲ್ಲ! ವಿಕಿರಣವನ್ನು ಅವರು ಹೊತ್ತು ತಂದದ್ದು ತಮ್ಮ ಮನೆಯಿಂದ. ಅಲ್ಲಿನ ಪ್ರಮಾಣ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಸೂಚಿಸಿದ ಮಟ್ಟ 100.

ದೀರ್ಘಕಾಲದ ಸರಾಸರಿಯಲ್ಲಿ 100 ಬೆಕೆರೆಲ್ ಏರಿದರೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಸುಮಾರು ನೂರಕ್ಕೆ 16ರಷ್ಟು ಏರುತ್ತದೆ. ಈ ಲೆಕ್ಕವನ್ನು ವಿವೇಚನೆಯಿಂದ ಗ್ರಹಿಸಬೇಕು. ಯುರೋಪಿನ ಅಧ್ಯಯನಗಳಂತೆ, ಎಂದೂ ಧೂಮಪಾನ ಮಾಡದ ಸಾವಿರ ಮಂದಿಯಲ್ಲಿ 75 ವರ್ಷದೊಳಗೆ ಈ ಕಾಯಿಲೆಯಿಂದ ಸಾಯುವವರು, ರೇಡಾನ್ ಇಲ್ಲವೆಂದಿಟ್ಟುಕೊಂಡರೆ 4, ಪ್ರಮಾಣ 400 ಆದರೆ 7. ಧೂಮಪಾನಿಗಳಲ್ಲಿ ಅದೇ ಸಂಖ್ಯೆ 100ರಿಂದ 160ಕ್ಕೆ ಏರುತ್ತದೆ. ಜಗಲಿಯ ಮೇಲೆ ಬೀಡಿ ಸೇದುತ್ತ ಗ್ರಾನೈಟಿಗೆ ಹೆದರುವವರು ಇದನ್ನು ಗಮನಿಸಬೇಕು.

ಪರೀಕ್ಷೆ ಸರಳವಾದುದು. ಒಂದು ವಿಶೇಷ ಫಿಲ್ಮನ್ನಿಟ್ಟ ಪುಟ್ಟ ಪ್ಲಾಸ್ಟಿಕ್ ಬಟ್ಟಲನ್ನು, ಹೆಚ್ಚು ಹೊತ್ತು ಕಳೆಯುವ ಕೋಣೆಯಲ್ಲಿ, ಗೋಡೆಯಿಂದ ದೂರಕ್ಕೆ ಮೂರು ತಿಂಗಳು ತೂಗುಬಿಡುತ್ತಾರೆ. ಆಲ್ಫಾ ಕಣಗಳು ತಾಗಿದೆಡೆಯಲ್ಲೆಲ್ಲ ಫಿಲ್ಮಿನಲ್ಲಿ ಗಾಯವಾಗುತ್ತದೆ. ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ತೊಳೆದರೆ ಆ ಗಾಯಗಳು ಸೂಕ್ಷ್ಮದರ್ಶಕದಲ್ಲಿ ಎಣಿಸುವಷ್ಟು ದೊಡ್ಡವಾಗುತ್ತವೆ. ಕೆಲವೇ ದಿನಗಳಲ್ಲಿ ಅಳೆಯುವ ಇದ್ದಿಲಿನ ಡಬ್ಬಿಗಳೂ ಇವೆ. ಆದರೆ ಪ್ರಮಾಣ ದಿನದಿನಕ್ಕೂ ಬದಲಾಗುವುದರಿಂದ ಮೂರು ತಿಂಗಳ ಮಾತಿಗೇ ಹೆಚ್ಚು ಬೆಲೆ.

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂಬ ಹೆಸರುಂಟು: ಗಾಳಿಯ ದಾರಿ. ನಮ್ಮ ಬೆಳಕಿಂಡಿ ತನ್ನ ಹೆಸರಿನಲ್ಲಿ ಬೆಳಕನ್ನಷ್ಟೇ ಹೇಳಿದರೂ, ಹೆಂಚಿನ ಸಂದುಗಳೊಡನೆ ಸೇರಿ ಹಳೆಯ ಮನೆಗಳಿಗೆ ಉಸಿರಾಡಿಸುತ್ತಿತ್ತು. ಈಗ ಕಿಟಕಿಗಳನ್ನು ಎದುರುಬದುರಾಗಿಟ್ಟು ಜಾಲರಿ ಹೊಡೆಸಿದರೆ ಸೊಳ್ಳೆಯೂ ಬಾರದು, ಗಾಳಿಯೂ ನಿಲ್ಲದು. ನೆಲದ ಬಿರುಕುಗಳನ್ನೂ ಪೈಪುಗಳ ಸಂದನ್ನೂ ಮುಚ್ಚಿಸಬೇಕು. ಅಳೆದು ನೋಡಿದಾಗ ಪ್ರಮಾಣ ತೀರ ಹೆಚ್ಚೆಂದು ಕಂಡರೆ, ತಳದಿಂದ ಛಾವಣಿಯ ಮೇಲಕ್ಕೆ ಕೊಳವೆಯೊಂದನ್ನು ಒಯ್ದು, ಫ್ಯಾನಿನಿಂದ ನೆಲದ ಗಾಳಿಯನ್ನು ಹೊರಕ್ಕೆಳೆಯುವ ಏರ್ಪಾಡುಂಟು. ಬೋರ್‌ವೆಲ್ಲಿನ ನೀರಿನಲ್ಲಿಯೂ ರೇಡಾನ್ ಕರಗಿರಬಹುದು. ನಾಲೆಯ ನೀರಿನಲ್ಲಿ ಅದು ಅತ್ಯಲ್ಪ. ಕುದಿಸಿದರೆ ಅನಿಲ ಹಾರಿಹೋಗುತ್ತದೆ. ಆಗ ಅಡುಗೆಮನೆಯ ಕಿಟಕಿ ತೆರೆದಿರಲಿ.