ಮಾತು ನಿಂತ ಮನೆಗೆ ಚಿತ್ರದ ಹಲಗೆ

ಬೀದರ್ ಕಾಫಿ-ಅಡಿಕೆಯ ಸೀಮೆಯಲ್ಲ; ತೊಗರಿ, ಸೋಯಾ, ಕಬ್ಬಿನ ನಾಡು. ಆದರೂ ಈ ಸಂಚಿಕೆಯಲ್ಲಿ ನಾವು ಅಲ್ಲಿಂದಲೇ ಆರಂಭಿಸುತ್ತಿದ್ದೇವೆ. ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗು ಬಳಕೆಯಲ್ಲಿವೆ. ಒಬ್ಬರ ‘ನೀರು’ ಇನ್ನೊಬ್ಬರಿಗೆ ‘ಪಾಣಿ’, ಮತ್ತೊಬ್ಬರಿಗೆ ‘ನೀಳ್ಳು’. ನಮ್ಮ ತೋಟದ ಲೈನ್ ಮನೆಗಳಲ್ಲಿಯೂ ತುಳು, ತಮಿಳು, ಮಲಯಾಳಂ ಕಿವಿಗೆ ಬೀಳುವುದಿಲ್ಲವೆ?

ಇಂಥ ಕಡೆ ಹಿರಿಯರೊಬ್ಬರಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತೆನ್ನೋಣ. ಬಹುಪಾಲು ಜನರಲ್ಲಿ ಮಾತಿನ ಕೇಂದ್ರವಿರುವುದು ಮಿದುಳಿನ ಎಡಭಾಗದಲ್ಲಿ. ಬಲಗೈ, ಬಲಗಾಲು ಸೋತವರಲ್ಲಿ ಅನೇಕರ ಮಾತೂ ಹೋಗುವುದು ಇದರಿಂದಲೇ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಕೈತಪ್ಪುವುದು ಪದಗಳು, ಬುದ್ಧಿ ಹೋಯಿತೆಂದು ಅರ್ಥವಲ್ಲ. ಆದರೆ ಮನೆಯವರು ‘ಅವರಿಗೇನೂ ತಿಳಿಯದು’ ಎಂದುಕೊಂಡು, ಊಟದಿಂದ ಜಮೀನಿನ ವ್ಯವಹಾರದವರೆಗೆ ಎಲ್ಲವನ್ನೂ ತಾವೇ ತೀರ್ಮಾನಿಸತೊಡಗುತ್ತಾರೆ. ದೊಡ್ಡ ನಷ್ಟ ಅದೇ.

ಸ್ಲೇಟು ಬಳಪ ಕೊಟ್ಟರೆ ಬರೆದಾರು ಎಂದು ನಾವು ಭಾವಿಸುವುದುಂಟು. ನಾಲಿಗೆಯಷ್ಟೇ ತೊದಲುತ್ತಿದ್ದರೆ ಸರಿ. ಅಫೇಸಿಯಾದಲ್ಲಿ ಓದು ಬರಹವೂ ಸಾಮಾನ್ಯವಾಗಿ ಕುಂದುತ್ತದೆ. ಆಗ ಒದಗುವುದು ಚಿತ್ರದ ಹಲಗೆ. ನೀರಿನ ತಂಬಿಗೆಯ ಚಿತ್ರಕ್ಕೆ ಭಾಷೆಯ ತೊಡಕಿಲ್ಲ.

ಮಾಡುವುದು ಸುಲಭ. ದಪ್ಪ ರಟ್ಟಿನ ಮೇಲೆ ಎಂಟು ಹತ್ತು ಚಿತ್ರ ಅಂಟಿಸಿ: ನೀರು, ಊಟ, ಗುಳಿಗೆ, ನೋವು, ಶೌಚ, ಮನೆಮಂದಿಯ ಫೋಟೋಗಳು. ಔರಾದಿನವರಿಗೆ ಜೋಳದ ರೊಟ್ಟಿ, ತೊಗರಿ ಹೊಲ. ನಮ್ಮವರಿಗೆ ಗಂಜಿ, ಅಡಿಕೆ ಅಂಗಳ, ಕಾಫಿ ಕಣ, ಪಾಸ್‌ಬುಕ್. ಒಂದು ಮೂಲೆಯಲ್ಲಿ ‘ಹೌದು’, ಇನ್ನೊಂದರಲ್ಲಿ ‘ಅಲ್ಲ’ ಎಂಬ ಗುರುತಿರಲಿ. ಹಲಗೆ ಎಡಗೈಗೆ ಎಟುಕಲಿ. ಕೆಲವರಿಗೆ ಬಲಬದಿಯ ನೋಟವೂ ಮಸುಕಾಗಿರುತ್ತದೆ. ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ, ಕಾಯಬೇಕು. ‘ಹೌದು’ ಎನ್ನಹೋಗಿ ‘ಅಲ್ಲ’ ಎನ್ನುವವರೂ ಉಂಟು. ಆದ್ದರಿಂದ ತಿರುಗಿಸಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಯಾವುದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಮುನ್ನ ಈ ಎಚ್ಚರ ಇನ್ನೂ ಹೆಚ್ಚಿರಲಿ.

ಹಲಗೆಯೊಂದೇ ಚಿಕಿತ್ಸೆಯಲ್ಲ. ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ಕೂಡಲೇ ಆಸ್ಪತ್ರೆ ಸೇರಿಸಬೇಕು. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅನಂತರ ವಾಕ್ ಚಿಕಿತ್ಸೆಯ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಮೀಸಲಾಗಿದೆ. ಎರಡು ಭಾಷೆ ಬಲ್ಲವರಿಗೆ ಒಂದು ಬೇಗ, ಇನ್ನೊಂದು ತಡವಾಗಿ ಮರಳಬಹುದು. ಮನೆಮಾತು ಯಾವುದೆಂದು ಚಿಕಿತ್ಸಕರಿಗೆ ತಪ್ಪದೆ ತಿಳಿಸಿ. ಅಫೇಸಿಯಾದಿಂದ ಶಾಶ್ವತವಾಗಿ ಮಾತು ಕುಂದಿದರೆ, 2016ರ ಕಾಯ್ದೆಯು ಅದನ್ನು ಅಂಗವೈಕಲ್ಯವೆಂದು ಗುರುತಿಸುತ್ತದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಬೆಳೆಗಾರ ಬಾಂಧವರೇ, ಸಂಘದ ಸಭೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ ಹಿರಿಯರು ಈಗ ಜಗಲಿಯಲ್ಲಿ ಮೌನವಾಗಿ ಕುಳಿತಿರಬಹುದು. ಈ ಸಲದ ಅಡಿಕೆ ಮಾರುವುದೋ, ಇಟ್ಟುಕೊಳ್ಳುವುದೋ ಎಂದು ಅವರನ್ನೂ ಕೇಳೋಣ. ಹಲಗೆ ಮುಂದಿಟ್ಟು ಸ್ವಲ್ಪ ಹೊತ್ತು ಕಾಯೋಣ.