ದೆವ್ವಕ್ಕೆ ಬಿಳಿಯ ಸೀರೆ ಉಡಿಸಿದವರು ಯಾರು?

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಊರಿಗೆ ಒತ್ತಿಕೊಂಡಂತೆ ಕಲ್ಲುಗುಡ್ಡಗಳ ಸಾಲೊಂದುಂಟು. ಹತ್ತಿರ ಹೋಗಿ ನೋಡಿದರೆ ಅವು ಬರಿಯ ಬಂಡೆಗಳು. ದೂರದಲ್ಲಿ ಒಂದು ಗೊತ್ತಾದ ದಿಕ್ಕಿಗೆ ನಿಂತು ನೋಡಿದರೆ, ಅಂಗಾತ ಮಲಗಿದ ಮಹಾಪುರುಷನೊಬ್ಬನ ಹಣೆ, ಮೂಗು, ಗದ್ದ, ಎದೆ, ಕಾಲುಗಳು ಆಕಾಶದ ಅಂಚಿನಲ್ಲಿ ಬರೆದಂತೆ ತೋರುತ್ತವೆ. ಜನರು ಇದನ್ನು ‘ಮಲಗಿದ ಬುದ್ಧ’ನೆಂದು ಕರೆಯುತ್ತಾರೆ. ಇಲ್ಲಿ ಯಾವ ಶಿಲ್ಪಿಯ ಉಳಿಯೂ ಆಡಿಲ್ಲ. ಬೆಣಚುಕಲ್ಲು ತನ್ನಲ್ಲಿರುವ ಬಿರುಕುಗಳ ಗುಂಟ ಬಿಸಿಲು ಮಳೆಗಳಿಗೆ ಸಿಕ್ಕಿ ಸವೆಯುತ್ತದೆ. ಬಂಡೆಯ ಮೂಲೆಗೆ ಮೂರು ಕಡೆಯಿಂದಲೂ, ಅಂಚಿಗೆ ಎರಡು ಕಡೆಯಿಂದಲೂ, ಮುಖಕ್ಕೆ ಒಂದೇ ಕಡೆಯಿಂದಲೂ ನೀರು ಗಾಳಿಗಳು ತಾಗುವುದರಿಂದ ಮೂಲೆಗಳು ಬೇಗನೆ ಕರಗಿ ಬಂಡೆ ಗುಂಡಗಾಗುತ್ತದೆ. ಗುಂಡು ಬಂಡೆಗಳ ರಾಶಿಯಲ್ಲಿ ಮೂಗನ್ನೂ ಗದ್ದವನ್ನೂ ಗುರುತಿಸಿದ ಕೆಲಸ ಮಾತ್ರ ನಮ್ಮ ಮಿದುಳಿನದು.

ಮುಖವನ್ನು ಗುರುತಿಸುವುದರಲ್ಲಿ ನಮ್ಮ ಮಿದುಳಿಗೆ ವಿಶೇಷವಾದ ಚುರುಕುಂಟು. ಆಗತಾನೆ ಹುಟ್ಟಿದ ಕೂಸು ಕೂಡ ಇತರ ಚಿತ್ರಗಳಿಗಿಂತ ಮುಖದಂತೆ ಜೋಡಿಸಿದ ಚುಕ್ಕೆಗಳ ಕಡೆಗೇ ಹೆಚ್ಚಾಗಿ ಕಣ್ಣು ಹೊರಳಿಸುತ್ತದೆ. ಮುಖವನ್ನು ಕಂಡ ಮೇಲೆ ಸೆಕೆಂಡಿನ ಐದನೆಯ ಒಂದು ಭಾಗವೂ ಕಳೆಯುವ ಮೊದಲೇ ಮಿದುಳಿನಲ್ಲಿ ಅದಕ್ಕೆ ಪ್ರತ್ಯೇಕವಾದ ಸ್ಪಂದನ ಏಳುತ್ತದೆ. ಪೊದೆಯ ಹಿಂದೆ ಹುಲಿಯಿಲ್ಲದಿದ್ದರೂ ಇದೆಯೆಂದು ಭ್ರಮಿಸಿ ಓಡಿದವನಿಗೆ ಆದ ನಷ್ಟ ಒಂದಿಷ್ಟು ದಣಿವು. ಇದ್ದ ಹುಲಿಯನ್ನು ಕಾಣದೆ ನಿಂತವನಿಗೆ ಆದ ನಷ್ಟವನ್ನು ಹೇಳಬೇಕಾಗಿಲ್ಲ. ಆದುದರಿಂದ ಇಲ್ಲದ್ದನ್ನು ಕಾಣುವ ಕಡೆಗೇ ನಮ್ಮ ಮಿದುಳು ತುಸು ವಾಲಿಕೊಂಡಿದೆಯೆಂದು ಅನೇಕ ವಿಜ್ಞಾನಿಗಳು ಊಹಿಸುತ್ತಾರೆ. ಹಗಲಿನಲ್ಲಿ ಬುದ್ಧನನ್ನು ತೋರಿಸಿದ ಅದೇ ಶಕ್ತಿ, ಹೊತ್ತು ಮುಳುಗಿದ ಮೇಲೆ ಹಳ್ಳದ ದಂಡೆಯ ಜಾಲಿಯ ಪೊದೆಯಲ್ಲಿ ನಿಂತ ಹೆಂಗಸನ್ನು ತೋರಿಸುತ್ತದೆ.

ಆ ಹೆಂಗಸು ಹೆಚ್ಚಾಗಿ ಬಿಳಿಯ ಸೀರೆಯನ್ನೇ ಉಟ್ಟಿರುತ್ತಾಳೆ. ತಲೆಗೂದಲು ಕೆದರಿರುತ್ತದೆ. ಪಾದಗಳು ನೆಲಕ್ಕೆ ತಾಗವು. ನೇರವಾಗಿ ದಿಟ್ಟಿಸಿದೊಡನೆ ಮಾಯವಾಗುತ್ತಾಳೆ. ದೆವ್ವದ ಕಥೆ ಹೇಳುವವರನ್ನು ಬಾಯಿ ಮುಚ್ಚಿಸುವುದರ ಬದಲು ಅವರು ಕೊಡುವ ವರ್ಣನೆಯನ್ನೇ ಜಾಗರೂಕತೆಯಿಂದ ಪರಿಶೀಲಿಸಿದರೆ ಲಾಭವುಂಟೆಂದು ನನ್ನ ಅಭಿಪ್ರಾಯ. ಏಕೆಂದರೆ ಈ ವರ್ಣನೆಯ ಬಹುಭಾಗ ನಮ್ಮ ಕಣ್ಣಿನ ರಚನೆಯ ವರ್ಣನೆಯೇ ಆಗಿದೆ.

ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಶಂಕುವಿನ ಆಕಾರದವು ಸುಮಾರು 60 ಲಕ್ಷ. ದಂಡದ ಆಕಾರದವು ಸುಮಾರು 12 ಕೋಟಿ. ಬಣ್ಣಗಳನ್ನು ತಿಳಿಸುವವು ಶಂಕುಕೋಶಗಳು. ಆದರೆ ಅವುಗಳಿಗೆ ಧಾರಾಳವಾದ ಬೆಳಕು ಬೇಕು. ಮಬ್ಬುಗತ್ತಲಲ್ಲಿ ಅವು ಕೈಚೆಲ್ಲಿದಾಗ ಕೆಲಸಕ್ಕೆ ಬರುವವು ದಂಡಕೋಶಗಳು. ಅತ್ಯಲ್ಪ ಬೆಳಕು ಅವುಗಳಿಗೆ ಸಾಕು. ಆದರೆ ಬಣ್ಣದ ಭೇದ ಅವಕ್ಕೆ ತಿಳಿಯದು. ಬೆಳ್ಳಗಿನದು, ಕಪ್ಪಗಿನದು, ನಡುವಣ ಬೂದು, ಇಷ್ಟೇ ಅವುಗಳ ಲೋಕ. ಕೆಂಪು ಬೆಳಕಂತೂ ದಂಡಕೋಶಗಳಿಗೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಇಳಕಲ್ ಸೀರೆಯ ಕೆಂಪು ಸೆರಗನ್ನೂ ಬೇವಿನ ಸೊಪ್ಪನ್ನೂ ಅಕ್ಕಪಕ್ಕದಲ್ಲಿಟ್ಟು, ಸೂರ್ಯಾಸ್ತದಿಂದ ಕತ್ತಲಾಗುವವರೆಗೂ ಅಂಗಳದಲ್ಲಿ ಕುಳಿತು ನೋಡಬೇಕು. ಹಗಲಿನಲ್ಲಿ ಉರಿಯುವಂತಿದ್ದ ಕೆಂಪು ಮೊದಲು ಕಪ್ಪಾಗುತ್ತದೆ; ಸೊಪ್ಪು ಇನ್ನೂ ಕೆಲವು ನಿಮಿಷ ಬೂದಾಗಿ ಬೆಳಗುತ್ತಿರುತ್ತದೆ. ಬೊಹೀಮಿಯದ ಪುರ್ಕಿಂಜೆ ಎಂಬ ವಿಜ್ಞಾನಿ 19ನೆಯ ಶತಮಾನದ ಆರಂಭದಲ್ಲಿ ಹೂಗಳ ಬಣ್ಣವನ್ನು ನೋಡುತ್ತ ಕಂಡುಕೊಂಡದ್ದು ಇದನ್ನೇ.

ಹೀಗಿರುವಾಗ ಕತ್ತಲಲ್ಲಿ ಕೆಂಪು ಸೀರೆಯ ದೆವ್ವವನ್ನು ಕಾಣಬೇಕೆಂದರೂ ಕಾಣಲಾರೆವು. ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಮರಳಿಸುವ ಬಿಳಿಯ ಬಟ್ಟೆಯೊಂದೇ ನಕ್ಷತ್ರಗಳ ಬೆಳಕಿನಲ್ಲಿಯೂ ಎದ್ದು ತೋರುವಂಥದು. ಅದನ್ನು ಉಟ್ಟವರ ಕೂದಲು, ಮುಖ, ಪಾದಗಳು ಬಟ್ಟೆಗಿಂತ ಕಪ್ಪಾದುದರಿಂದ ಹಿನ್ನೆಲೆಯ ಕತ್ತಲೆಯಲ್ಲಿ ಕರಗಿಹೋಗಿ, ಬಟ್ಟೆ ತಾನಾಗಿ ತೇಲಿದಂತೆ ತೋರುತ್ತದೆ. ಪಾದ ನೆಲಕ್ಕೆ ತಾಗದೆಂಬ ಮಾತಿನ ಬುಡ ಇಲ್ಲಿರಬಹುದು. ಇನ್ನು ದಿಟ್ಟಿಸಿದರೆ ಮಾಯವಾಗುವ ವಿಚಾರ. ನಾವು ಯಾವುದನ್ನು ನೇರವಾಗಿ ನೋಡುತ್ತೇವೆಯೋ ಅದರ ಬಿಂಬ ಅಕ್ಷಿಪಟಲದ ನಟ್ಟನಡುವಿನ ಸಣ್ಣ ತಗ್ಗಿನ ಮೇಲೆ ಬೀಳುತ್ತದೆ. ಅಲ್ಲಿ ಶಂಕುಕೋಶಗಳು ಕಿಕ್ಕಿರಿದಿವೆ. ದಂಡಕೋಶ ಒಂದೂ ಇಲ್ಲ! ಕತ್ತಲಲ್ಲಿ ಆ ತಾಣ ಕುರುಡು. ಓರೆಗಣ್ಣಿಗೆ ಕಂಡ ಮಬ್ಬು ಬಿಳುಪು ನೇರ ನೋಟಕ್ಕೆ ಅಳಿಸಿಹೋಗುವುದು ಈ ಕಾರಣದಿಂದ. ಮಾಗಿಯ ಕಾಲದ ಸಂಜೆ ಕೃತ್ತಿಕೆಯನ್ನು ನೇರವಾಗಿಯೂ, ಬಳಿಕ ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟೂ ನೋಡಿರಿ. ಪಕ್ಕದ ನೋಟದಲ್ಲಿ ಹೆಚ್ಚು ಚಿಕ್ಕೆಗಳು ಸಿಗುತ್ತವೆ. ನಮ್ಮ ದೆವ್ವವೂ ಕೃತ್ತಿಕೆಯೂ ಒಂದೇ ನಿಯಮಕ್ಕೆ ಒಳಪಟ್ಟವುಗಳು.

ಬಿಳಿಯ ಬಣ್ಣವನ್ನು ಕಣ್ಣು ಕೊಟ್ಟಿತು ಸರಿ, ಸೀರೆಯನ್ನು ಕೊಟ್ಟವರು ಯಾರು? ವಿಧವೆಯ ಉಡುಪೇ ದೆವ್ವದ ಉಡುಪಾಯಿತೆಂದು ಕೆಲವರು ಹೇಳುವುದುಂಟು. ಉತ್ತರ ಹಿಂದೂಸ್ಥಾನಕ್ಕೆ ಇದು ಒಪ್ಪಬಹುದು. ಆದರೆ ನಮ್ಮ ನಾಡಿನ ಹಳೆಯ ಬ್ರಾಹ್ಮಣ ಮನೆತನಗಳಲ್ಲಿ ತಲೆ ಬೋಳಿಸಿಕೊಂಡ ವಿಧವೆಯರು ಉಡುತ್ತಿದ್ದುದು ಕೆಂಪು ಸೀರೆ. ಬಿಳಿಯ ಸೀರೆಯ ಮೋಹಿನಿಯನ್ನು ಊರೂರಿಗೆ ಹಂಚಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದೆಂದು ತೋರುತ್ತದೆ. 1949ರ ‘ಮಹಲ್’, 1962ರ ‘ಬೀಸ್ ಸಾಲ್ ಬಾದ್’, 1964ರ ‘ವೋ ಕೌನ್ ಥಿ?’ ಈ ಮೂರೂ ಕಪ್ಪು-ಬಿಳುಪು ಚಿತ್ರಗಳು. ಅಂದಿನ ಫಿಲ್ಮು ನಮ್ಮ ದಂಡಕೋಶಗಳಂತೆಯೇ ಬಣ್ಣವನ್ನರಿಯದು. ಬೆಳಕಿನ ಏರಿಳಿತವನ್ನು ಮಾತ್ರ ಬಲ್ಲದು. ಇರುಳಿನ ದೃಶ್ಯದಲ್ಲಿ ನಾಯಿಕೆ ಕಾಣಬೇಕಾದರೆ ಬಿಳಿಯದನ್ನು ಉಡಿಸದೆ ಛಾಯಾಗ್ರಾಹಕನಿಗೆ ಬೇರೆ ದಾರಿ ಸುಲಭವಾಗಿರಲಿಲ್ಲ. ಸ್ವಾರಸ್ಯದ ಸಂಗತಿಯೊಂದುಂಟು: ಈ ಮೂರು ಕಥೆಗಳಲ್ಲಿಯೂ ಕೊನೆಗೆ ದೆವ್ವವಿಲ್ಲ, ಎಲ್ಲವೂ ಜೀವಂತ ಮನುಷ್ಯರ ಕೆಲಸ. ಪ್ರೇಕ್ಷಕರು ಕಥೆಯ ಕೊನೆಯನ್ನು ಮರೆತು ಸೀರೆಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡರು. ಬಣ್ಣದ ಚಿತ್ರಗಳು ಬಂದ ಮೇಲೆ ದೆವ್ವದ ಉಡುಪಿನ ಪೆಟ್ಟಿಗೆಯೂ ತುಂಬಿತು. 2004ರ ‘ಆಪ್ತಮಿತ್ರ’ದ ನಾಗವಲ್ಲಿ ಆಭರಣ ತೊಟ್ಟ ನರ್ತಕಿ, ಅವಳನ್ನು ಬಿಡಿಸಲು ಬರುವವನು ಮನೋವೈದ್ಯ.

ಪಶ್ಚಿಮದ ಕಥೆಯೂ ಇಂಥದೇ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿ ಹೊರಬಂದದ್ದು 1897ರಲ್ಲಿ. ಅದರಲ್ಲಿ ರಕ್ತ ಹೀರುವ ಆ ಜಮೀನ್ದಾರನು ಹಗಲಿನಲ್ಲಿಯೂ ತಿರುಗಾಡಬಲ್ಲನು. ಬಿಸಿಲು ತಾಗಿದರೆ ಸಾಯುತ್ತಾನೆಂಬುದನ್ನು ಸೇರಿಸಿದ್ದು 1922ರ ‘ನೊಸ್ಫೆರಾಟು’ ಎಂಬ ಮೂಕಚಿತ್ರ. ಎತ್ತರದ ಕೊರಳುಪಟ್ಟಿಯ ಕಪ್ಪು ನಿಲುವಂಗಿ ಬಂದದ್ದು 1920ರ ದಶಕದ ರಂಗಭೂಮಿಯಿಂದ. ನಟನು ರಂಗದ ನೆಲದಲ್ಲಿದ್ದ ಗುಪ್ತದ್ವಾರದಿಂದ ಕೆಳಗಿಳಿಯುವಾಗ ಅವನ ತಲೆ ಪ್ರೇಕ್ಷಕರಿಗೆ ಕಾಣಬಾರದೆಂದು ಆ ಪಟ್ಟಿಯನ್ನು ಎತ್ತರಿಸಿದರಂತೆ! 1931ರ ಅಮೆರಿಕದ ಚಿತ್ರ ಅದನ್ನು ಜಗತ್ತಿಗೆಲ್ಲ ಹರಡಿತು. ಇನ್ನು ಬಾವಲಿ. ರಕ್ತವನ್ನೇ ಆಹಾರ ಮಾಡಿಕೊಂಡ ಬಾವಲಿಗಳು ಮೂರೇ ಜಾತಿಯವು. ಮೂರೂ ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಮ್ಮ ದೇಶದ ಹಳೆಯ ಕಟ್ಟಡಗಳಲ್ಲಿಯೂ ಗುಹೆಗಳಲ್ಲಿಯೂ ವಾಸಿಸುವ ‘ಹುಸಿ ರಕ್ತಪಿಪಾಸು’ ಎಂಬ ಬಾವಲಿ ಹೆಸರಿಗಷ್ಟೆ ಭಯಂಕರ. ಕೀಟ, ಕಪ್ಪೆ, ಹಲ್ಲಿ, ಇಲಿಗಳನ್ನು ತಿನ್ನುತ್ತದೆ.

2005ರಲ್ಲಿ ಮೊದಲಾದ ‘ಟ್ವೈಲೈಟ್’ ಕಾದಂಬರಿಗಳಲ್ಲಿ ಈ ರಕ್ತಪಿಪಾಸು ಸುಂದರನಾದ ಪ್ರಣಯಿಯಾದನು. ಹೆದರಿಸುತ್ತಿದ್ದ ವೇಷ ಸೊಗಸಿನ ವೇಷವಾಯಿತು. ಕಪ್ಪು ಅಂಗಿ, ತಲೆಬುರುಡೆಯ ಉಂಗುರ, ಕಣ್ಣಿಗೆ ದಟ್ಟವಾದ ಕಾಡಿಗೆ ಇವು ಇಂದು ಸಣ್ಣ ಊರುಗಳ ಅಂಗಡಿಗಳಿಗೂ ಬಂದಿವೆ. ಅಜ್ಜಿ ದೃಷ್ಟಿ ತಾಗದಿರಲೆಂದು ಕಟ್ಟಿದ ಕಾಲಿನ ಕರಿದಾರ ಮೊಮ್ಮಗಳಿಗೆ ಅಲಂಕಾರ. ಇವುಗಳ ಬಗ್ಗೆ ಹಿರಿಯರು ಸಿಡುಕುವುದು ಅನಗತ್ಯ. ಆದರೆ ಹಚ್ಚೆಯ ವಿಷಯ ಬೇರೆ. ಹಿಂದೆ ಕೊರವಂಜಿಯರು ಸೂಜಿಯಿಂದ ಚುಚ್ಚುತ್ತಿದ್ದುದನ್ನು ಈಗ ಜಾತ್ರೆಯ ಯಂತ್ರ ಚುಚ್ಚುತ್ತದೆ. ಬಣ್ಣದ ಕಣಗಳು ತೊಗಲಿನ ಮೇಲ್ಪದರವನ್ನು ದಾಟಿ ಒಳಪದರದಲ್ಲಿ ತಂಗುತ್ತವೆ. ಪರಕೀಯ ವಸ್ತುಗಳನ್ನು ನುಂಗುವ ನಮ್ಮ ರಕ್ಷಕಕೋಶಗಳು ಅವನ್ನು ನುಂಗಿ ಜೀರ್ಣಿಸಲಾರದೆ ಹಿಡಿದುಕೊಂಡಿರುತ್ತವೆ. ಆ ಕೋಶ ಸತ್ತರೆ ಅದರ ಬಣ್ಣವನ್ನು ಮತ್ತೊಂದು ಕೋಶ ನುಂಗುತ್ತದೆ. ಹಚ್ಚೆ ಅಳಿಯದಿರುವುದು ಹೀಗೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಮತ್ತೊಬ್ಬರಿಗೆ ಚುಚ್ಚಿದರೆ ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳೂ ಎಚ್.ಐ.ವಿ.ಯೂ ರಕ್ತದಿಂದ ರಕ್ತಕ್ಕೆ ದಾಟಬಲ್ಲವು. ತಲೆಬುರುಡೆಯ ಚಿತ್ರಕ್ಕೆ ಕೈಯೊಡ್ಡುವ ಮುನ್ನ, ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿನಲ್ಲೇ ಒಡೆಯಿಸಬೇಕು. ಬಣ್ಣದ ಬಟ್ಟಲೂ ಹೊಸದಾಗಿರಬೇಕು.

ಕಣ್ಣಿನ ಭ್ರಮೆಯಂತೆ ನೆನಪಿನ ಭ್ರಮೆಯೂ ಒಂದುಂಟು. ಇದಕ್ಕೆ ಸುರಪುರದಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆಯಿದೆ. 1840ರ ದಶಕದಲ್ಲಿ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಠಕ್ಕರನ್ನು ಕುರಿತು 1839ರಲ್ಲಿ ಕಾದಂಬರಿ ಬರೆದು ಹೆಸರು ಪಡೆದವನು. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಅವನ ಆತ್ಮಕಥೆ ಅಚ್ಚಾಯಿತು. ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗಲೇ ಜಾತಕ ನೋಡಿದವರು, ಈತನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಹೇಳಿದ್ದರೆಂದು ಅವನು ಅದರಲ್ಲಿ ಬರೆದಿದ್ದಾನೆ. ರಾಜನು 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಸೆರೆಮನೆಗೆ ಸಾಗಿಸುತ್ತಿದ್ದಾಗ ಗುಂಡೇಟಿನಿಂದ ಮಡಿದನು. ಭವಿಷ್ಯ ನಿಜವಾಯಿತಲ್ಲ ಎಂದು ಓದುಗರ ಮೈ ಜುಮ್ಮೆನ್ನುತ್ತದೆ. ಆದರೆ ಆ ಶತಮಾನದಲ್ಲಿ ನಾಡಿನ ಮನೆಮನೆಯಲ್ಲಿಯೂ ಜಾತಕಗಳನ್ನು ಬರೆದರಷ್ಟೆ? ಸುಳ್ಳಾದವುಗಳ ಬಗ್ಗೆ ಯಾರೂ ಆತ್ಮಕಥೆಯಲ್ಲಿ ಪುಟ ಮೀಸಲಿಡುವುದಿಲ್ಲ. ಗುರಿಗೆ ಬಿದ್ದ ಕಲ್ಲನ್ನು ಮಾತ್ರ ಎಣಿಸಿದರೆ ಯಾವ ಬೇಟೆಗಾರನೂ ಅರ್ಜುನನೇ. ಅಲ್ಲದೆ ಈ ಪ್ರಸಂಗವನ್ನು ನಾವು ತಿಳಿದಿರುವುದು ಮರಣವಾಗಿ ಎಷ್ಟೋ ವರ್ಷಗಳ ಬಳಿಕ ಅಚ್ಚಾದ ಪುಸ್ತಕದಿಂದ, ಅದೂ ಕಥೆ ಕಟ್ಟುವುದರಲ್ಲಿ ನುರಿತ ಕಾದಂಬರಿಕಾರನಿಂದ. ಟೇಲರನು ಸುಳ್ಳು ಹೇಳಿದನೆಂದಲ್ಲ. ಮುಂದೆ ನಡೆದುದನ್ನು ಬಲ್ಲವನ ನೆನಪು ಹಿಂದೆ ಕೇಳಿದ್ದನ್ನು ತನಗರಿಯದೆಯೇ ತಿದ್ದುತ್ತದೆ.

ಕಥೆಗಳು ಪುಸ್ತಕದಲ್ಲಿಯೂ ಪರದೆಯ ಮೇಲೆಯೂ ಇರುವವರೆಗೆ ಸೊಗಸೇ. ಅವು ಮನೆಯೊಳಕ್ಕೆ ಬಂದಾಗ ಕಷ್ಟ ಮೊದಲಾಗುತ್ತದೆ. ಈ ಸೀಮೆಯಲ್ಲಿ ಬಾನಾಮತಿಯೆಂಬ ಮಾತು ಕೇಳದವರಿಲ್ಲ. ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಚೀರುತ್ತಾಳೆ, ನಾಯಿಯಂತೆ ಬೊಗಳುತ್ತಾಳೆ, ಕೈಕಾಲು ಸೆಟೆಯುತ್ತಾಳೆ. ಯಾರೋ ಮಾಡಿಸಿದ್ದಾರೆಂಬ ಸಂಶಯ ನೆರೆಮನೆಯ ಬಡ ಮುದುಕಿಯ ಮೇಲೆ ಬೀಳುತ್ತದೆ. ಹುಡುಗಿಗೆ ಮೆಣಸಿನಕಾಯಿಯ ಹೊಗೆ, ಬೇವಿನ ಬರಲಿನ ಪೆಟ್ಟು. ಮೂರ್ಛೆರೋಗ ಹೀಗೆ ತೋರಬಹುದು. ಹೊರಗೆ ಹೇಳಲಾರದ ಮನದ ಸಂಕಟ ದೇಹದ ಲಕ್ಷಣವಾಗಿ ಹೊರಬೀಳುವುದೂ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆ ಹುಡುಗಿ ನಟಿಸುತ್ತಿಲ್ಲ. ಅವಳಿಗೆ ಬೇಕಾದುದು ಚಿಕಿತ್ಸೆ. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಹಿಂಸಿಸುವುದು 2017ರ ಕರ್ನಾಟಕದ ಕಾಯಿದೆಯ ಪ್ರಕಾರ ಅಪರಾಧ. ಆ ಕಾಯಿದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ಶಹಾಪುರದ ಗುಡ್ಡದ ಎದುರಿನಲ್ಲಿ ಕುಳಿತು ಇವುಗಳಲ್ಲಿ ಕಣ್ಣಿಗೆ ಸಂಬಂಧಿಸಿದ ಭಾಗವನ್ನಾದರೂ ಪರೀಕ್ಷಿಸಬಯಸುವವರಿಗೆ ಒಂದು ಸೂಚನೆ. ದಂಡಕೋಶಗಳು ಕತ್ತಲಿಗೆ ಪೂರ್ಣವಾಗಿ ಹೊಂದಿಕೊಳ್ಳಲು 30ರಿಂದ 40 ನಿಮಿಷ ಬೇಕು. ಅಮಾವಾಸ್ಯೆಯ ಹತ್ತಿರದ ದಿನವನ್ನು ಆರಿಸಿಕೊಂಡು, ಗೆಳೆಯನೊಬ್ಬನಿಗೆ ಬಿಳಿಯ ಪಂಚೆ ಹೊದಿಸಿ ನೂರು ಹೆಜ್ಜೆ ದೂರದಲ್ಲಿ ನಿಲ್ಲಿಸಿರಿ. ಕಾಲಿಟ್ಟ ಕಡೆ ಹಾವು ಚೇಳುಗಳಿಲ್ಲವೆಂದು ಹಗಲಿನಲ್ಲಿಯೇ ನೋಡಿಕೊಂಡಿರಬೇಕು. ನಡುವೆ ಯಾರಾದರೂ ಮೊಬೈಲ್ ಫೋನನ್ನು ತೆರೆದು ಮುಖದ ಮುಂದೆ ಹಿಡಿದರೆ, ಹೊಂದಿಕೊಂಡಿದ್ದ ಕಣ್ಣು ಆ ಬೆಳಕಿಗೆ ಕೆಟ್ಟು, ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ.