ಮನೆಯ ರಕ್ಷಣೆಗೆ ರಿವಾಲ್ವರ್: ಕೊಳ್ಳುವ ಮುನ್ನ ಯೋಚಿಸಿ

ಅಡಿಕೆ ಸುಲಿದು ಅಟ್ಟ ಸೇರಿದಾಗ, ಕಾಫಿ ಕಣದಲ್ಲಿ ಒಣಗುತ್ತಿರುವಾಗ, ತೋಟದ ಒಂಟಿ ಮನೆಗಳಲ್ಲಿರುವ ಬೆಳೆಗಾರರಿಗೆ ಕಳ್ಳಕಾಕರ ಭಯ ಸಹಜ. ಮನೆಯಲ್ಲಿ ಕೋವಿಯಿದ್ದರೂ ಒಂದು ರಿವಾಲ್ವರ್ ಇರಲಿ ಎಂದು ಬಯಸುವ ಬಾಂಧವರು ಕೆಲವು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಆತ್ಮರಕ್ಷಣೆಗೆಂದು 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಚರೆಕೋವಿಗೆ ಪರವಾನಗಿ ಕೇಳುವುದು ಸುಲಭ. ರಿವಾಲ್ವರಿಗೆ ತಕ್ಕ ಕಾರಣವನ್ನು ತೋರಿಸಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡೇ ಬಂದೂಕುಗಳಿರಬಹುದು. ಈಗಾಗಲೇ ಎರಡು ಕೋವಿಗಳಿದ್ದವರು ಈ ಲೆಕ್ಕವನ್ನು ಮರೆಯಕೂಡದು.

ಎರಡನೆಯದು ಆಯ್ಕೆ. ರಿವಾಲ್ವರ್ ಚಿಕ್ಕದು, ಒಂದು ಕೈಯಲ್ಲಿ ಟಾರ್ಚ್ ಹಿಡಿದು ಇನ್ನೊಂದರಲ್ಲಿ ಹಿಡಿಯಬಹುದು. ಆದರೆ ನಳಿಗೆ ಗಿಡ್ಡವಾದ್ದರಿಂದ ಅಭ್ಯಾಸವಿಲ್ಲದವರ ಗುರಿ ಹತ್ತು ಹೆಜ್ಜೆಯಲ್ಲೇ ತಪ್ಪುತ್ತದೆ. ಹೆಚ್ಚಿನ ರಿವಾಲ್ವರುಗಳಲ್ಲಿ ಬೇರೆ ಸೇಫ್ಟಿ ಕ್ಯಾಚ್ ಇರುವುದಿಲ್ಲ. ಟ್ರಿಗರಿನ ಬಿಗಿಯೇ ಅದರ ಭದ್ರತೆ. ಹ್ಯಾಮರನ್ನು ಹಿಂದಕ್ಕೆ ಎಳೆದಿಟ್ಟರೆ ಆ ಬಿಗಿ ಹೋಗಿ, ಬೆರಳು ತಾಗಿದರೂ ಗುಂಡು ಹಾರೀತು. ಹಳೆಯದನ್ನು ಕೊಳ್ಳುವವರು ಗುಂಡಿನ ಚಕ್ರ ಸಡಿಲವಿದೆಯೇ, ಪ್ರತಿ ಕೋಣೆಯೂ ನಳಿಗೆಗೆ ನೇರವಾಗಿ ನಿಲ್ಲುತ್ತದೆಯೇ ಎಂದು ಬಲ್ಲವರಿಂದ ನೋಡಿಸಬೇಕು.

ಮೂರನೆಯದು ಕಾಡತೂಸು. ಪರವಾನಗಿಯಲ್ಲಿ ಬರೀ .32 ಎಂದಿದ್ದರೆ ಸಾಲದು. ರಿವಾಲ್ವರಿನ .32 ಲಾಂಗ್ ಬೇರೆ, ಪಿಸ್ತೂಲಿನ .32 ಬೇರೆ, ಒಂದರಲ್ಲಿ ಇನ್ನೊಂದನ್ನು ಹಾಕಕೂಡದು. ನಳಿಗೆಯ ಮೇಲೆ ಕೊರೆದದ್ದನ್ನೂ ಪೆಟ್ಟಿಗೆಯ ಮೇಲಿನ ಹೆಸರನ್ನೂ ಹೋಲಿಸಿ ನೋಡಿ. ಹನ್ನೆರಡು ಬೋರಿನ ಹಳೆಯ ಕೋವಿಗೂ ಇದೇ ಮಾತು: 65 ಮಿಲಿಮೀಟರ್ ಕೋಣೆಗೆ 70ರ ಕಾಡತೂಸು ಅಪಾಯ. ನಮ್ಮ ಮಳೆಗಾಲದ ತೇವಕ್ಕೆ ಕಾಗದದ ಕಾಡತೂಸು ಉಬ್ಬುತ್ತದೆ. ಚರ್ಮದ ಪಟ್ಟಿಯಲ್ಲಿಟ್ಟ ಹಿತ್ತಾಳೆ ಹಸಿರುಗಟ್ಟುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಾರದ ಕಾಡತೂಸನ್ನು ಕೂಡಲೇ ತೆಗೆಯದೆ, ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಿರಿ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಗುರಿಯ ಹಿಂದೆ ಏನಿದೆ? ನಮ್ಮ ಮನೆಗಳ ಹಲಗೆಯ ಗೋಡೆ, ಬಾಗಿಲುಗಳನ್ನು ಸೀಸದ ಗುಂಡು ತೂರಿಹೋಗಬಲ್ಲದು. ಅದರಾಚೆ ಮಕ್ಕಳು ಮಲಗಿರಬಹುದು, ಕೂಲಿ ಲೈನಿರಬಹುದು. ಕತ್ತಲಲ್ಲಿ ಸದ್ದು ಕೇಳಿ ಹಾರಿಸಿದ ಗುಂಡಿಗೆ ರಾತ್ರಿ ತಡವಾಗಿ ಬಂದ ಮನೆಯವರೇ ಬಲಿಯಾಗಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ. ರಾತ್ರಿ ಕನ್ನ ಹಾಕಿ ಮನೆ ಹೊಕ್ಕವರ ವಿಷಯದಲ್ಲಿ ಆ ಹಕ್ಕು ವಿಶಾಲವಾದದ್ದೇ. ಆದರೆ ರಕ್ಷಣೆಗೆ ಎಷ್ಟು ಅಗತ್ಯವೋ ಅಷ್ಟಕ್ಕಿಂತ ಹೆಚ್ಚು ಹಾನಿ ಮಾಡಕೂಡದೆಂದೂ ಅದೇ ಕಾನೂನು ಹೇಳುತ್ತದೆ. ಅಡಿಕೆ ಮೂಟೆ ಬಿಸಾಡಿ ಓಡುವವನ ಬೆನ್ನಿಗೆ ಗುಂಡಿಟ್ಟು, ನಂತರ ಆತ್ಮರಕ್ಷಣೆ ಎಂದರೆ ನ್ಯಾಯಾಲಯ ಒಪ್ಪೀತೆಂದು ನಂಬಬೇಡಿ. ಒಂದು ಮೂಟೆಯ ಬೆಲೆಗೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ಯಾರಿಗೂ ಬೇಡ.

ಆದುದರಿಂದ ಮೊದಲು ಅಂಗಳಕ್ಕೆ ದೀಪ, ಉಗ್ರಾಣಕ್ಕೆ ಗಟ್ಟಿ ಬೀಗ, ಬಾಗಿಲಿಗೆ ಒಳ್ಳೆಯ ಅಗುಳಿ, ಒಂದು ನಾಯಿ, ನೆರೆಯವರೊಡನೆ ಹೊಂದಾಣಿಕೆ ಇರಲಿ. ಆಪತ್ತಿಗೆ 112ಕ್ಕೆ ಫೋನ್ ಮಾಡಲು ಮನೆಯ ಎಲ್ಲರಿಗೂ ತಿಳಿದಿರಲಿ. ಇಷ್ಟಾದ ಮೇಲೂ ರಿವಾಲ್ವರ್ ಬೇಕೆನಿಸಿದರೆ, ಕಲಿತು ಕೊಳ್ಳಿ. ಆಯುಧ ಒಂದು ಬೀಗದಲ್ಲಿ, ಕಾಡತೂಸು ಇನ್ನೊಂದರಲ್ಲಿ, ಎರಡರ ಕೀಲಿಕೈಯೂ ನಿಮ್ಮ ಬಳಿಯಲ್ಲೇ ಇರಲಿ.